ಅವ್ವನ ಬೈಬಲಿನಲ್ಲಿ ಉಳಿದ ಖಾಲಿ ಜಾಗ

ನನ್ನ ತಾಯಿ ಕರುಣಮ್ಮನವರು ೧೯೩೧ರ ಫೆಬ್ರವರಿ ೯ರಂದು ಮಾದನಹಿಪ್ಪರಗಾದಲ್ಲಿ ಹುಟ್ಟಿದರು. ಬೆಳಿಗ್ಗೆ ಬೈಬಲ್ ಓದದೆ ಅವರು ಚಹಾ ಮುಟ್ಟಿದವರಲ್ಲ. ಕಣ್ಣು ಮಂಜಾದ ಮೇಲೆ ಅದನ್ನು ಓದಿ ಹೇಳುವ ಹಕ್ಕು, ಮೂವತ್ತೆಂಟು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದ ಮಗನಾದ ನನ್ನದೆಂದು ನಂಬಿದ್ದೆ. ಅವ್ವ ಕರೆದದ್ದು ಪಕ್ಕದ ಮನೆಯ ಖುರ್ಷಿದಳನ್ನು. ಅವಳಿಗೆ ಅದೇ ಪುಸ್ತಕದಿಂದ ಅಕ್ಷರ ಕಲಿಸಿದವರೂ ಅವ್ವನೇ. ಅವಳು ಪದಪದಕ್ಕೂ ತಡವರಿಸುತ್ತಿದ್ದಳು, ನನಗೆ ಹೊಟ್ಟೆ ಉರಿಯುತ್ತಿತ್ತು.

“ನೀ ಓದಿದ್ರ ಪರೀಕ್ಷಾಕ್ಕ ಕುಂತಂಗ ಆಗ್ತದಪಾ,” ಎಂದು ಅವ್ವ ನಕ್ಕಿದ್ದರು.

೨೦೧೮ರ ಅಕ್ಟೋಬರ್ ೧೧, ಗುರುವಾರ. ನಾನು ಆಳಂದದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಇತ್ತ ಖುರ್ಷಿದ ಬೈಬಲಿನ ಕೀರ್ತನೆಯೊಂದನ್ನು ಓದುತ್ತಿರುವಾಗಲೇ ಅವ್ವ ತೀರಿಕೊಂಡರು. ಮನೆಯವರ ಹುಟ್ಟು, ದೀಕ್ಷಾಸ್ನಾನ, ಸಾವುಗಳನ್ನು ಬೈಬಲಿನ ಮೊದಲ ಹಾಳೆಯಲ್ಲಿ ಬರೆದಿಡುವುದು ನಮ್ಮ ರೂಢಿ. ಪೆನ್ನು ಹಿಡಿದು, “ಎಷ್ಟು ಗಂಟೆಗೆ?” ಎಂದು ಖುರ್ಷಿದಳನ್ನು ಕೇಳಿದೆ.

“ಗಡಿಯಾರ ಎಲ್ಲಿ ನೋಡ್ಲಿರಿ ಮಾಸ್ತರ್? ಅಮ್ಮನ ಮಾರಿ ನೋಡಾಕತ್ತಿದ್ದೆ.”

ಬಸ್ಸಿನಲ್ಲಿ ನಾನು ಹತ್ತು ಸಲ ಗಡಿಯಾರ ನೋಡಿಕೊಂಡಿದ್ದೆ. ಹಾಳೆಯಲ್ಲಿ ಗಂಟೆಯ ಜಾಗ ಇಂದಿಗೂ ಖಾಲಿ ಇದೆ. ಆ ಹೊತ್ತು ಖುರ್ಷಿದಳ ಪಾಲಾಯಿತು. ನನಗೆ ಉಳಿದದ್ದು ತಾರೀಖು ಮಾತ್ರ.