ರಿಯಾಯಿತಿಗಾಗಿ ಐದನೆಯ ಪಾರ್ಸೆಲ್

ಅಂಚೆ ದರ ಏರಿದೆ ಸ್ನೇಹಿತರೇ, ಆದರೆ ಒಟ್ಟಿಗೆ ಐದು ಪಾರ್ಸೆಲ್ ಕೊಟ್ಟರೆ ನಮ್ಮಂಥ ಸಣ್ಣ ಆನ್‌ಲೈನ್ ವ್ಯಾಪಾರಿಗಳಿಗೆ ರಿಯಾಯಿತಿ ಉಂಟಂತೆ. ಇವತ್ತು ನನ್ನ ಹತ್ತಿರ ಇದ್ದದ್ದು ನಾಲ್ಕೇ ಹಪ್ಪಳದ ಪಾರ್ಸೆಲ್. ರಿಯಾಯಿತಿ ಬಿಡಲು ಮನಸ್ಸಾಗಲಿಲ್ಲ. ಕೈಯಲ್ಲಿದ್ದ ಬಟ್ಟೆಚೀಲವನ್ನೇ ಮಡಚಿ ಕವರಿಗೆ ಹಾಕಿ, ಪುತ್ತಿಗೆಯ ನನ್ನದೇ ವಿಳಾಸ ಬರೆದೆ.

“ನಿಮಗೆ ನೀವೇ ಕಳಿಸುವುದಾ?” ಎಂದರು ಕೌಂಟರಿನವರು.

“ಐದನೇ ಗಿರಾಕಿ ಸಿಗ್ಲಿಲ್ಲ ಮಾರಾಯ್ರೆ,” ಎಂದೆ.

ಮನೆ ಬಾಗಿಲಿಗೆ ಬಂದಾಗ ನೆನಪಾಯಿತು, ಬೀಗದ ಕೈ ಆ ಚೀಲದಲ್ಲೇ ಇತ್ತು! ವಾಪಸ್ ಓಡಿದೆ.

“ಗಾಡಿ ಹೋಯ್ತಲ್ಲ ಅಕ್ಕ. ಮಂಗಳೂರಿಗೆ ಹೋಗಿ ನಾಡಿದ್ದು ಬರ್ತದೆ. ಆಗ ಮನೆಗೆ ಬೀಗ ಹಾಕಿದ್ರೆ ಪಾರ್ಸೆಲ್ ಕಳಿಸಿದವರಿಗೇ ವಾಪಸ್ ಹೋಗ್ತದೆ, ನೋಡಿಕೊಳ್ಳಿ,” ಎಂದರು ಅವರು.

ಕಳಿಸಿದವಳೂ ನಾನೇ. ಸದ್ಯ ಜಗಲಿಯಲ್ಲಿ ಕುಳಿತಿದ್ದೇನೆ. ರಿಯಾಯಿತಿಯಂತೂ ಸಿಕ್ಕಿದೆ.