ನೀಲವ್ವಾ, ಸಾವಕಾಶ

ದೆವ್ವ, ಸೂಚನೆ, ಪೂರ್ವಜನ್ಮ ಇಂಥ ಮಾತು ಬಂದರೆ ಸಾಕು, ನಾನು ಗಹಗಹಿಸಿ ನಗುತ್ತಿದ್ದೆ. ಕಾರಿನ ಬ್ರೇಕಿನ ಸಾಫ್ಟ್‌ವೇರ್ ಪರೀಕ್ಷೆ ಮಾಡಿ ಹೊಟ್ಟೆ ಹೊರೆಯುವವನು ನಾನು. ಅಳೆಯಲು ಬಾರದ್ದು ಇಲ್ಲವೇ ಇಲ್ಲ ಅನ್ನುವವನು. ಈಗಲೂ ನಗುತ್ತೇನೆ. ಆದರೆ ಆ ಒಂದು ಮಧ್ಯಾಹ್ನದ ಮಾತು ಬಂದರೆ ಬಾಯಿ ಕಟ್ಟುತ್ತದೆ.

ಗ್ರೀನ್ ಕಾರ್ಡ್ ಕೊಟ್ಟು ಜರ್ಮನಿ ನಮ್ಮಂಥವರನ್ನು ಕರೆಸಿಕೊಳ್ಳುತ್ತಿದ್ದ ಕಾಲ. ನಾನೂ ಹೆಂಡತಿ ವಿಜಯಾಳೂ ಗದಗಿನಿಂದ ಬಂದು ಫೊಯರ್‌ಬಾಕ್‌ನಲ್ಲಿ ಮನೆ ಮಾಡಿದ್ದೆವು. ಆ ಚಳಿಗಾಲ ನಮ್ಮ ಮೊದಲ ಕೂಸು, ಹೆಣ್ಣು, ಏಳು ತಿಂಗಳಿಗೇ ಹೊಟ್ಟೆಯಲ್ಲೇ ತೀರಿಹೋಯಿತು. ಹುಟ್ಟುವ ಮೊದಲು ಹೆಸರು ಯೋಚಿಸಬಾರದು ಅಂತ ನಮ್ಮ ಮನೆಗಳಲ್ಲಿ. ಹಾಗಾಗಿ ಕೂಸಿಗೆ ಹೆಸರೂ ಇರಲಿಲ್ಲ. ಆಮೇಲೆ ನಾವಿಬ್ಬರೂ ಅದರ ಮಾತೇ ಎತ್ತಲಿಲ್ಲ. ಉಪ್ಪು ಕೊಡು, ಬಾಗಿಲು ಹಾಕು, ಇಷ್ಟೇ ಸಂಸಾರ. ಹೀಗೇ ಆದರೆ ಇವಳು ಊರಿಗೆ ಹೋದವಳು ತಿರುಗಿ ಬರುವುದಿಲ್ಲ ಅಂತ ನನಗೆ ಒಳಗೊಳಗೇ ಭಯ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಪೋರ್ಚುಗೀಸ್ ಗೆಳೆಯ ನಮ್ಮ ಸ್ಥಿತಿ ನೋಡಿ ನೋಡಿ ಸಾಕಾಗಿ, ತನ್ನ ಊರಿನ ಮನೆಯ ಕೀಲಿ ಕೈಗಿಟ್ಟ. ಈಸ್ಟರ್ ರಜೆಗೆ ಹೋದೆವು. ಮನೆಯ ಹಿಂದೆಯೇ ಬೆಂಡಿನ ಮರಗಳ ಕಾಡು. ಬಾಟಲಿಗೆ ಬೂಚು ಮಾಡುತ್ತಾರಲ್ಲ, ಅದೇ ಬೆಂಡು; ಆ ಮರದ ತೊಗಟೆ ಅದು. ಸುಲಿದ ಕಾಂಡಗಳು ಕೆಂಪಗೆ, ಮೊಣಕಾಲು ತರಚಿದ ಹಾಗೆ. ವಿಜಯಾ ಒಂದರ ಮೇಲೆ ಅಂಗೈ ಇಟ್ಟು, "ಪಾಪ, ನೋವಾಗಿರಬೇಕು ನೋಡ್ರಿ" ಅಂದಳು.

"ಮತ್ತ ಬೆಳೀತದಂತ" ಅಂದೆ. ಅವಳು ಕೈ ತೆಗೆದು ಮುಂದೆ ನಡೆದಳು.

ಒಬ್ಬರಿಂದೊಬ್ಬರು ಸ್ವಲ್ಪ ದೂರ, ಸಮಸಮವಾಗಿ ನಡೆಯುತ್ತಿದ್ದೆವು. ಹಾದಿಗೆ ಅಡ್ಡ ಮರದ ದಪ್ಪ ಬೇರು ಎದ್ದಿತ್ತು. ಅಲ್ಲಿಗೆ ಬಂದಾಗ ಇಬ್ಬರೂ ಒಮ್ಮೆಲೇ ಬಗ್ಗಿ, ನಮ್ಮ ನಡುವಿನ ಖಾಲಿ ಜಾಗಕ್ಕೆ ಕೈ ಚಾಚಿ, ಒಂದೇ ಉಸಿರಿಗೆ ಅಂದೆವು: "ನೀಲವ್ವಾ, ಸಾವಕಾಶ!"

ಚಾಚಿದ ಕೈಗಳು ಚಾಚಿದಲ್ಲೇ ನಿಂತವು. "ಆ ಹೆಸರು ನಿಮಗ್ಯಾರು ಹೇಳಿದ್ರು?" ಅಂದಳು. "ನಿನಗ?" ಅಂದೆ. ನಮ್ಮೆರಡೂ ಮನೆಗಳಲ್ಲಿ ನೀಲವ್ವ ಅನ್ನುವವರೇ ಇಲ್ಲ. ನಾನಂತೂ ಆ ಗಳಿಗೆಯವರೆಗೆ ಆ ಹೆಸರು ನೆನೆದವನಲ್ಲ. ತಾನೂ ಅಷ್ಟೇ ಅಂತ ಅವಳು ಆಣೆ ಮಾಡಿ ಹೇಳಿದಳು. ಆ ಬೇರಿನ ಮೇಲೇ ಕೂತು ಇಬ್ಬರೂ ಮನಸಾರೆ ಅತ್ತೆವು, ಮೊದಲ ಸಲ, ಜೊತೆಗೆ.

ಏನದು ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ವಿಜಯಾ ಊರಿಗೆ ಹೋದಳು, ತಿರುಗಿಯೂ ಬಂದಳು. ಈಗ ಮಗನಿದ್ದಾನೆ, ನಮ್ಮ ಕನ್ನಡಕ್ಕೆಲ್ಲ ಜರ್ಮನ್‌ನಲ್ಲೇ ಉತ್ತರ ಕೊಡುವ ಭೂಪ. ಭಾನುವಾರ ತಿರುಗಾಡಲು ಹೋದಾಗ ಹಿಂದಿನಿಂದ ಕೇಳುತ್ತಾನೆ, ನೀವಿಬ್ಬರೂ ನಡುವೆ ಅಷ್ಟು ಜಾಗ ಯಾಕೆ ಬಿಡ್ತೀರಿ ಅಂತ. ವಿಜಯಾ ನನ್ನ ಮುಖ ನೋಡುತ್ತಾಳೆ. ಇಬ್ಬರೂ ಸಾವಕಾಶ ನಡೆಯುತ್ತೇವೆ.