‘ಬೆರಳ ಗುರುತು’ ಮತ್ತು ನಾಲ್ಕು ನಕ್ಷತ್ರ

ಪತ್ರಿಕೆಯ ಹಾಜರಿ ಪುಸ್ತಕದಲ್ಲಿ ಅವರಿಗೆ ಉದ್ದನೆಯ ಹೆಸರೊಂದಿತ್ತು. ಆದರೆ ಮೂರು ಮಹಡಿಯ ಆ ಕಟ್ಟಡದಲ್ಲಿ ಕಾವಲುಗಾರನಿಂದ ಹಿಡಿದು ಮಾಲೀಕರವರೆಗೆ ಎಲ್ಲರಿಗೂ ಅವರು ಎರಡೂವರೆಯಮ್ಮ. ಟೀವಿ ಧಾರಾವಾಹಿಗಳಿಗೆ ಐದರಲ್ಲಿ ಎರಡೂವರೆ ನಕ್ಷತ್ರಕ್ಕಿಂತ ಹೆಚ್ಚು ಕೊಟ್ಟ ಕೈ ಅದಲ್ಲ. ತೀರಿಕೊಂಡಾಗ ಅರವತ್ತೆರಡು ವರ್ಷ. ಗಂಡ ಟೀವಿ ರಿಪೇರಿಯವರು. ಹೆಂಡತಿಗಿಂತ ಮೂರು ವರ್ಷ ಎಂಟು ತಿಂಗಳು ಮೊದಲು ಹೋದರು. ಮಕ್ಕಳಿಲ್ಲ. ಒಡಹುಟ್ಟಿದವಳು ಒಬ್ಬಳೇ ತಂಗಿ. ಎರಡು ಬೀದಿಯಾಚೆ ವಾಸ, ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆ.

ಪತ್ರಿಕೆಗೆ ಅವರು ಸೇರಿದ್ದು ಕರಡು ತಿದ್ದುವ ಕೆಲಸಕ್ಕೆ. ಎಂಟು ವರ್ಷ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಪರರ ತಪ್ಪುಗಳಿಗೆ ಕೆಂಪು ಗೀಟು ಎಳೆದರು. ಟೀವಿ ಅಂಕಣ ಬರೆಯುತ್ತಿದ್ದವನು ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟಾಗ, ಜಾಗ ಖಾಲಿ ಬಿಡಬಾರದೆಂದು ಇವರ ಕೈಗೆ ಕೊಟ್ಟರು. ಗಂಡ ಸಾಯುವ ಹೊತ್ತಿಗೆ ಆ ಅಂಕಣ ಅವರದಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಅದಕ್ಕೆ ಒಂದೇ ಒಂದು ತಿದ್ದುಪಡಿ ಅಚ್ಚಾಗಿರಲಿಲ್ಲ. ತನ್ನದೆಂದು ಹೇಳಿಕೊಳ್ಳಲು ಆಕೆಗಿದ್ದದ್ದು ಅದೊಂದೇ. ಅದನ್ನು ಆಕೆ ಮರೆತವರಲ್ಲ, ಬೇರೆಯವರಿಗೆ ಮರೆಯಲು ಬಿಟ್ಟವರೂ ಅಲ್ಲ.

ಗಂಡ ಸತ್ತಾಗ ಆಕೆ ಅಳಲಿಲ್ಲ. ಬಂದ ಅಳುವನ್ನು ನುಂಗಿಕೊಂಡರೆಂದಲ್ಲ; ಬರಲೇ ಇಲ್ಲ. ಹಲ್ಲು ಕೀಳಿಸಿಕೊಂಡು ಬಂದವರ ತುಟಿ ಹೇಗಿರುತ್ತದೆಯೋ ಹಾಗೆ ಎಲ್ಲವೂ ಇದ್ದಲ್ಲೇ ಇತ್ತು, ಮುಟ್ಟಿದರೆ ಮಾತ್ರ ತನ್ನದೆನಿಸುತ್ತಿರಲಿಲ್ಲ. ಆರನೆಯ ದಿನ ಅಂಕಣ ಬರೆದುಕೊಟ್ಟರು. ಗಡಿಯಾರ ಒಂದು ಗಂಟೆ ತೋರಿಸಿದರೆ ಉಂಡರು, ಹತ್ತು ತೋರಿಸಿದರೆ ಮಲಗಿದರು. ತಂಗಿ ದಿನಾ ಸಂಜೆ ಕೆಲಸ ಮುಗಿಸಿ ಬರುತ್ತಿದ್ದಳು.

“ಅಕ್ಕ, ಈ ಪಲ್ಯಕ್ಕೆ ಉಪ್ಪೇ ಇಲ್ವಲ್ಲ.”

“ಹೌದಾ?”

“ಮಧ್ಯಾಹ್ನ ಇದನ್ನೇ ತಿಂದೆಯಲ್ಲ, ಗೊತ್ತಾಗ್ಲಿಲ್ವಾ? ನಿನ್ನ ನಾಲಿಗೆ ಏನು ಸತ್ತುಹೋಗಿದೆಯಾ?”

“ಇರಬಹುದು. ಡಬ್ಬಿ ಅಲ್ಲಿದೆ, ಹಾಕ್ಕೋ.”

ಹೀಗೆ ಎಂಟು ತಿಂಗಳು ಕಳೆದವು. ಅಷ್ಟೂ ದಿನ ಮುಂಗಡ ಪ್ರತಿ ಯಾವುದೂ ಬರಲಿಲ್ಲ, ಪ್ರಸಾರವಾದದ್ದನ್ನು ನೋಡಿಯೇ ಬರೆದರು. ಆಗ ‘ಬೆರಳ ಗುರುತು’ ಬಂತು.

‘ದಕ್ಷಿಣ ಠಾಣೆ’ ಎಂಬ ಅಪರಾಧ ಧಾರಾವಾಹಿ ಐದು ವರ್ಷ ಓಡಿ ಮನೆಮಾತಾಗಿತ್ತು. ಅದರಲ್ಲಿ ಠಾಣೆಯ ಮೂಲೆಯೊಂದರಲ್ಲಿ ಕೂತು ಬೆರಳ ಗುರುತು ಹೋಲಿಸುವ ಹೆಂಗಸೊಬ್ಬಳಿದ್ದಳು; ಐದು ವರ್ಷದಲ್ಲಿ ಹತ್ತಿಪ್ಪತ್ತು ಮಾತು ಆಡಿದ್ದರೆ ಹೆಚ್ಚು. ಕಂಪನಿಯವರು ಅವಳನ್ನು ಎತ್ತಿ ತಂದು ನಡುಮನೆಯಲ್ಲಿ ಕೂರಿಸಿ ಆರು ಕಂತುಗಳ ಕವಲು ಧಾರಾವಾಹಿ ಮಾಡಿದ್ದರು. ಪ್ರಸಾರಕ್ಕೆ ಹತ್ತು ದಿನ ಮೊದಲು ವಿಮರ್ಶಕರಿಗೆ ಆರು ಡಿಸ್ಕುಗಳನ್ನು ಕಳಿಸಿದರು. ಶೀರ್ಷಿಕೆ, ಕಲಾವಿದರ ಹೆಸರು ಇತ್ಯಾದಿ ಸೇರಿಸುವ ಮುಂಚಿನ ಪ್ರತಿಗಳು. ಒಂದೊಂದರ ಮೇಲೆಯೂ ಕಪ್ಪು ಮಸಿಯಲ್ಲಿ ಒಂದರಿಂದ ಆರರವರೆಗೆ ಅಂಕಿ.

ಆಕೆ ಮಧ್ಯಾಹ್ನಕ್ಕೆ ಎರಡರಂತೆ ಮೂರು ದಿನ ನೋಡಿದರು. ಪರದೆ ಎಳೆದು, ಕುರ್ಚಿಯನ್ನು ಟೀವಿಯಿಂದ ಆರಡಿ ದೂರಕ್ಕೆ ಜರುಗಿಸಿ, ತೊಡೆಯ ಮೇಲೆ ನೋಟು ಪುಸ್ತಕವಿಟ್ಟುಕೊಂಡು ನೋಡುವುದು ಅವರ ಪದ್ಧತಿ.

ಮೊದಲ ಡಿಸ್ಕಿನಲ್ಲಿ ಆ ಹೆಂಗಸು ಮನೆಯಲ್ಲಿ ಒಬ್ಬಳೇ. ಬಾಗಿಲ ಬಳಿ ಗಂಡಸಿನ ಚಪ್ಪಲಿ. ಯಾರದೆಂದು ಯಾರೂ ಹೇಳುವುದಿಲ್ಲ. ಅವಳು ಕೆಲಸಕ್ಕೆ ಹೋಗುತ್ತಾಳೆ, ಬರುತ್ತಾಳೆ, ಭೂತಗನ್ನಡಿಯಲ್ಲಿ ಗೆರೆಗಳನ್ನು ಎಣಿಸುತ್ತಾಳೆ. ಎರಡನೆಯದರಲ್ಲಿ ಕೊಲೆಗಾರ ಸಿಕ್ಕಿಬೀಳುತ್ತಾನೆ: ಠಾಣೆಯ ಛಾಯಾಗ್ರಾಹಕ, ದಿನಾ ಅವಳ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದವನು. ಕೊಲೆಯಾದವನು ಅವಳ ಗಂಡ. ಮೂರನೆಯ ಡಿಸ್ಕು ಹಾಕಿದಾಗ ಗಂಡ ಬದುಕಿದ್ದ. ಬಸ್ಸಿನ ಚಾಲಕ, ಗೊರಕೆ ಹೊಡೆಯುತ್ತಿದ್ದ, ಹೆಂಡತಿಯ ಮೇಲೆ ರೇಗುತ್ತಿದ್ದ, ಬಲ್ಬು ಬದಲಾಯಿಸುತ್ತಿದ್ದ. ನಾಲ್ಕು, ಐದರಲ್ಲಿಯೂ ಇದ್ದ. ಆರನೆಯದರ ಕೊನೆಗೆ ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡು, “ಬರ್ತೀನಿ” ಎಂದು ಹೊರಗೆ ಹೋದ. ಬಾಗಿಲು ಮುಚ್ಚಿದ ಸದ್ದಿನೊಂದಿಗೆ ಪರದೆ ಕಪ್ಪಾಯಿತು.

ಆಕೆ ಎದ್ದು ಟೀವಿ ಆರಿಸಿದರು. ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಸ್ವಲ್ಪ ಹೊತ್ತು ಕಾಯಿಲೆಯೆಂದುಕೊಂಡರು. ಆಮೇಲೆ ಅದು ಹಸಿವೆಂದು ತಿಳಿಯಿತು. ಇನ್ನೂ ನಾಲ್ಕೂವರೆ ಗಂಟೆ, ಊಟದ ಹೊತ್ತಲ್ಲ. ಅಡುಗೆಮನೆಯಲ್ಲಿ ನಿಂತುಕೊಂಡೇ, ತಟ್ಟೆಯೂ ಇಲ್ಲದೆ, ಪಾತ್ರೆಯಿಂದಲೇ ಅನ್ನ ತಿಂದರು.

ಅಂದು ಬರೆದ ವಿಮರ್ಶೆಯ ಕೊನೆಯಲ್ಲಿ ನಾಲ್ಕು ನಕ್ಷತ್ರವಿತ್ತು. “ಸಾವನ್ನು ಮೊದಲು ತೋರಿಸಿ ಬದುಕನ್ನು ಆಮೇಲೆ ತೋರಿಸುವ ಧೈರ್ಯ ನಮ್ಮ ಟೀವಿಯಲ್ಲಿ ಇದುವರೆಗೆ ಯಾರಿಗೂ ಇರಲಿಲ್ಲ. ಕೊಂದವನು ಛಾಯಾಗ್ರಾಹಕನೆಂದು ಎರಡನೆಯ ಕಂತಿನಲ್ಲಿಯೇ ಹೇಳಿ ಮುಗಿಸುತ್ತಾರೆ, ಏಕೆಂದರೆ ಯಾರು ಕೊಂದರೆಂಬುದು ಉಳಿದವರಿಗೆ ಬೇಕಾದ ಪ್ರಶ್ನೆಯೇ ಅಲ್ಲ” ಎಂದು ಬರೆದಿದ್ದರು. ಕಚೇರಿಯಲ್ಲಿ ನಾಲ್ಕು ನಕ್ಷತ್ರ ನೋಡಿ ಅಚ್ಚುಜೋಡಿಸುವವನು ಫೋನ್ ಮಾಡಿದ.

“ಅಮ್ಮ, ಎರಡೂವರೆ ಅಂತ ಹಾಕ್ಲಾ? ಕೈತಪ್ಪಿ ನಾಲ್ಕು ಅಂತ ಬಿದ್ದಿದೆ.”

“ನನ್ನ ಕೈ ತಪ್ಪೋದಿಲ್ಲ. ಇದ್ದದ್ದು ಇದ್ದ ಹಾಗೆ ಹಾಕು.”

ವಿಮರ್ಶೆ ಶುಕ್ರವಾರ ಅಚ್ಚಾಯಿತು. ಅದೇ ದಿನ ಉಳಿದ ಪತ್ರಿಕೆಗಳಲ್ಲಿಯೂ ಬಂತು. ಒಬ್ಬರು, ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿದೆ ಎಂದಿದ್ದರು. ಇನ್ನೊಬ್ಬರು, ತಾಯಿಮನೆಯ ಸಾಮಾನನ್ನೆಲ್ಲ ಹೊತ್ತು ತಂದು ಹೊಸ ಮನೆ ಹೂಡಿದ್ದಾರೆ, ದೀಪ ಮಾತ್ರ ಅಲ್ಲೇ ಮರೆತಿದ್ದಾರೆ ಎಂದು ಒಂದು ನಕ್ಷತ್ರ ಕೊಟ್ಟಿದ್ದರು. ಮೂರನೆಯವರು ಬರೆದದ್ದು ನಾಲ್ಕೇ ಸಾಲು: ಮೂಲೆಯಲ್ಲಿ ಕೂತಿದ್ದ ಪಾತ್ರ ಮೂಲೆಯಲ್ಲಿಯೇ ಚೆನ್ನಾಗಿತ್ತು. ಆಕೆ ಎಲ್ಲವನ್ನೂ ಓದಿದರು. ಇವರಿಗೆಲ್ಲ ಕಣ್ಣಿದ್ದೂ ಕುರುಡೆಂದು ತೀರ್ಮಾನಿಸಿದರು.

ಭಾನುವಾರ ಸಂಜೆ ಮೊದಲ ಕಂತು ಪ್ರಸಾರವಾಯಿತು. ತಂಗಿ ತನ್ನ ಮನೆಯಲ್ಲಿ ನೋಡಿ, ಮುಗಿದ ಐದು ನಿಮಿಷಕ್ಕೆ ಇಲ್ಲಿದ್ದಳು.

“ಅಕ್ಕ, ಗಂಡ ಬದುಕೇ ಇದಾನಲ್ಲ!”

“ಯಾವ ಗಂಡ?”

“ಧಾರಾವಾಹಿ ಗಂಡ! ಮೊದಲ್ನೇ ಕಂತಲ್ಲೇ ಮನೆಯಲ್ಲಿ ಕೂತು ಗೊರಕೆ ಹೊಡೀತಾ ಇದಾನೆ. ನೀನು ನೋಡಿದ್ರೆ ಸತ್ತೇಹೋದ, ಕೊಂದವನು ಇಂಥವನು ಅಂತ ಪೇಪರಲ್ಲಿ ಹಾಕಿದೀಯ. ನಮ್ಮ ಹೆಡ್‌ಮೇಷ್ಟ್ರು ಫೋನ್ ಮಾಡಿ, ನಿಮ್ಮಕ್ಕ ಇನ್ನು ಐದು ವಾರ ನೋಡೋ ಕಷ್ಟ ತಪ್ಪಿಸಿದ್ರು, ಥ್ಯಾಂಕ್ಸ್ ಹೇಳಿ ಅಂದ್ರು.”

ಆಕೆ ಒಳಗೆ ಹೋಗಿ ಕಂಪನಿಯ ಲಕೋಟೆ ತಂದರು. ಬುಡದಲ್ಲಿ, ದಪ್ಪ ರಟ್ಟಿಗೆ ಅಂಟಿಕೊಂಡಂತೆ, ಟೈಪು ಮಾಡಿದ ಹಾಳೆಯೊಂದಿತ್ತು. ಎಡಕ್ಕೆ ಚಿತ್ರೀಕರಣದ ಸಂಖ್ಯೆ, ಬಲಕ್ಕೆ ಪ್ರಸಾರದ ಸಂಖ್ಯೆ. ಗಂಡನ ಪಾತ್ರ ಮಾಡಿದ ನಟ ಬೇರೆ ಚಿತ್ರದಲ್ಲಿದ್ದುದರಿಂದ ಅವನಿಲ್ಲದ ಎರಡು ಕಂತುಗಳನ್ನು ಮೊದಲು ತೆಗೆದಿದ್ದರು. ಡಿಸ್ಕಿನ ಮೇಲಿನ ಒಂದು, ಎರಡು ಎಂದರೆ ಪ್ರಸಾರದಲ್ಲಿ ಐದು, ಆರು. ಮೂರರಿಂದ ಆರರವರೆಗಿನವು ಒಂದರಿಂದ ನಾಲ್ಕು.

“ಹಿಂದೆಲ್ಲ ಡಿಸ್ಕಿನ ಮೇಲೆ ದುಂಡನೆಯ ಹಳದಿ ಚೀಟಿ ಅಂಟಿಸಿರೋದು, ಅದರ ಮೇಲೆ ನಂಬರು” ಎಂದರು ಆಕೆ. “ಕಂಪನಿಯವರು ಅಂಟಿಸ್ತಾರೆ ಅಂದ್ಕೊಂಡಿದ್ದೆ.”

“ಯಾವ ಕಂಪನಿ? ಭಾವ ಅಂಟಿಸ್ತಿದ್ರು. ಅಂಗಡಿಯಲ್ಲಿ ಕೂತು, ಲಕೋಟೆ ಒಡೆದು, ಈ ಹಾಳೆ ನೋಡ್ಕೊಂಡು. ನಾನೇ ಕಣ್ಣಾರೆ ನೋಡಿದೀನಿ. ಕ್ಯಾಸೆಟ್ ಕಾಲದಿಂದಲೂ.”

“ನನಗೆ ಹೇಳಲಿಲ್ಲವಲ್ಲ.”

“ನೀನು ಕೇಳಿದ್ಯಾ?”

ಆಕೆ ಹಾಳೆಯನ್ನು ಇದ್ದ ಮಡಿಕೆಯಲ್ಲಿಯೇ ಮಡಚಿದರು. ಲಕೋಟೆ ಎಂದೂ ತನ್ನ ಕೈಗೆ ಮುಚ್ಚಿ ಬಂದಿರಲಿಲ್ಲವೆಂಬುದು ಆಗ ನೆನಪಾಯಿತು. ತಂಗಿ ಅಕ್ಕನ ಮುಖವನ್ನೇ ನೋಡುತ್ತ ಕೂತಳು, ಈಗಲಾದರೂ ಅತ್ತಾಳೆಂದು. ಆಕೆ ಅಳಲಿಲ್ಲ. ಸೋಮವಾರ ಕಚೇರಿಯ ಕಡೆಗೆ ಎಷ್ಟು ಗಂಟೆಗೆ ಬಸ್ಸಿದೆಯೆಂದು ಕೇಳಿದರು.

ಸಂಪಾದಕ ಒಂದು ಕಾಲಕ್ಕೆ ಅವರ ಕೈಕೆಳಗೆ ಕರಡು ತಿದ್ದಲು ಕಲಿತವನು. ಅವರನ್ನು ಕಂಡೊಡನೆ ಈಗಲೂ ಎದ್ದುನಿಲ್ಲುತ್ತಿದ್ದ, ನಿಂತದ್ದಕ್ಕೆ ತನ್ನ ಮೇಲೆಯೇ ಸಿಟ್ಟಾಗುತ್ತಿದ್ದ.

“ಮೇಡಂ, ಬೆಳಗಿನಿಂದ ನಲವತ್ತು ಫೋನ್. ಕೊಲೆಗಾರ ಯಾರೂಂತ ನಾವೇ ಡಂಗುರ ಹೊಡೆದ ಹಾಗಾಯ್ತು. ಆದ್ರೆ ಕೇಳಿ, ಒಂದು ದಾರಿ ಇದೆ. ಕಂಪನಿಯ ಪ್ರಚಾರದವರು ಈಗ ತಾನೇ ಮಾತಾಡಿದ್ರು. ಮೊದಲು ಕೂಗಾಡಿದ್ರು, ಆಮೇಲೆ ತಣ್ಣಗಾದ್ರು. ಇಡೀ ಊರಲ್ಲಿ ಅವರಿಗೆ ಸಿಕ್ಕಿರೋದು ನಿಮ್ಮ ಒಳ್ಳೇ ಮಾತೊಂದೇ. ನಾಲ್ಕು ನಕ್ಷತ್ರ ಜಾಹೀರಾತಲ್ಲಿ ಹಾಕ್ಕೋತಾರಂತೆ. ನಾವು ಸುಮ್ಮನಿದ್ರೆ ಅವರೂ ಸುಮ್ಮನಿರ್ತಾರೆ.”

“ತಿದ್ದುಪಡಿ?”

“ಯಾಕೆ? ಬೇಕೇ ಬೇಕು ಅಂದ್ರೆ, ಡಿಸ್ಕಿನ ನಂಬರು ತಪ್ಪಿತ್ತು ಅಂತ ಎರಡು ಸಾಲು ಹಾಕೋಣ. ನಿಮ್ಮ ಹೆಸರಿಗೂ ಧಕ್ಕೆ ಇಲ್ಲ.”

“ನಂಬರು ತಪ್ಪಿರಲಿಲ್ಲ. ಹಾಳೆ ಇತ್ತು. ನಾನು ನೋಡಲಿಲ್ಲ.”

“ಅದು ನಿಮಗೆ ನನಗೆ ಬಿಟ್ಟು ಯಾರಿಗೆ ಗೊತ್ತು ಮೇಡಂ?”

“ಇಬ್ಬರಿಗೆ ಗೊತ್ತಿರೋದು ಸಾಲದಾ ನಿನಗೆ?” ಎಂದು ಆಕೆ ಕುರ್ಚಿಯಿಂದ ಎದ್ದರು. “ಸರಿಯಾದ ಕ್ರಮದಲ್ಲಿ ಇನ್ನೊಮ್ಮೆ ನೋಡ್ತೀನಿ. ಶುಕ್ರವಾರಕ್ಕೆ ಜಾಗ ಇಡು.”

ಹೇಳಿ ಬಂದದ್ದೇನೋ ಸುಲಭವಾಗಿತ್ತು. ಮನೆಯಲ್ಲಿ ಡಿಸ್ಕುಗಳನ್ನು ಮೇಜಿನ ಮೇಲೆ ಹೊಸ ಕ್ರಮದಲ್ಲಿ ಜೋಡಿಸಿದ ಮೇಲೆ ಒಂದು ಇಡೀ ಮಧ್ಯಾಹ್ನ ಕೈಯಾಡಲಿಲ್ಲ. ನೋಡದೆ ಬಿಟ್ಟರೆ ಆ ನಾಲ್ಕು ನಕ್ಷತ್ರ ಹಾಗೆಯೇ ಉಳಿಯುತ್ತಿತ್ತು. ಅದರೊಂದಿಗೆ, ಎಂಟು ತಿಂಗಳಲ್ಲಿ ಒಂದೇ ಒಂದು ಸಲ ತನಗೆ ಹಸಿವಾದದ್ದೂ ಉಳಿಯುತ್ತಿತ್ತು. ನೋಡಿದರೆ ಅದು ಏನಾಗುತ್ತದೆಯೆಂದು ಆಕೆಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಧಾರಾವಾಹಿ ನೋಡಿದವರಿಗೆ ಅಷ್ಟೂ ತಿಳಿಯದೆ?

ಮರುದಿನ ಪರದೆ ಎಳೆದು ನೋಡಿದರು. ಗಂಡ ಮೊದಲ ಕಂತಿನಲ್ಲಿ ಗೊರಕೆ ಹೊಡೆದ, ಎರಡರಲ್ಲಿ ರೇಗಿದ, ಮೂರರಲ್ಲಿ ಬಲ್ಬು ಬದಲಾಯಿಸಿದ. ಯಾವುದಕ್ಕೂ ತೂಕವಿರಲಿಲ್ಲ, ಹೊತ್ತು ಕಳೆಯಲು ಮಾಡಿದ ಹಾಗಿತ್ತು. ನಾಲ್ಕನೆಯದರ ಕೊನೆಗೆ “ಬರ್ತೀನಿ” ಎಂದಾಗ ಇವನು ಸಾಯುತ್ತಾನೆಂದು ಶಾಲೆಯ ಮಕ್ಕಳೂ ಹೇಳಬಹುದಾಗಿತ್ತು. ಐದರಲ್ಲಿ ಹೆಂಗಸು ಮೌನವಾಗಿದ್ದದ್ದು, ಬರೆಯುವವರಿಗೆ ಮಾತು ಹೊಳೆಯದೆ. ಆರರಲ್ಲಿ ಛಾಯಾಗ್ರಾಹಕ ಸಿಕ್ಕಿಬಿದ್ದ. ಉಳಿದ ವಿಮರ್ಶಕರು ಬರೆದದ್ದರಲ್ಲಿ ತಪ್ಪಿರಲಿಲ್ಲ. ಗಡಿಯಾರ ನೋಡಿದರು, ಉಣ್ಣುವ ಹೊತ್ತು ಮೀರಿತ್ತು. ಉಂಡರು.

ತಿದ್ದುಪಡಿಯನ್ನು ಒಂದೇ ಸಲಕ್ಕೆ ಬರೆದರು, ಒಂದು ಅಕ್ಷರವನ್ನೂ ಹೊಡೆದು ಹಾಕದೆ:

“ಕಳೆದ ಶುಕ್ರವಾರ ಈ ಅಂಕಣದಲ್ಲಿ ‘ಬೆರಳ ಗುರುತು’ ಧಾರಾವಾಹಿಯ ಕಂತುಗಳನ್ನು ಚಿತ್ರೀಕರಣದ ಕ್ರಮದಲ್ಲಿ ನೋಡಿ, ಪ್ರಸಾರದ ಕ್ರಮವೆಂದು ತಿಳಿದು ಬರೆಯಲಾಗಿತ್ತು. ಕಂಪನಿಯ ತಪ್ಪಿಲ್ಲ, ಸರಿಯಾದ ಕ್ರಮದ ಹಾಳೆ ಲಕೋಟೆಯಲ್ಲಿತ್ತು. ಇಪ್ಪತ್ತೆರಡು ವರ್ಷ ಆ ಹಾಳೆಯನ್ನು ನೋಡಿ ಕಂತುಗಳನ್ನು ಜೋಡಿಸಿಕೊಟ್ಟವರು ಅಂಕಣಕಾರ್ತಿಯ ದಿವಂಗತ ಪತಿ. ಅಂಕಣಕಾರ್ತಿಗೆ ಅದು ತಿಳಿದಿರಲಿಲ್ಲ. ಧಾರಾವಾಹಿ ಸಾಧಾರಣವಾಗಿದೆ. ಎರಡು ನಕ್ಷತ್ರ.”

ಸಂಪಾದಕ ಓದಿ, ಮೂರನೆಯ ವಾಕ್ಯದ ಮೇಲೆ ಪೆನ್ನಿಟ್ಟ. “ಮನೆ ವಿಷಯ ಇದು ಮೇಡಂ. ಇದೊಂದು ಬಿಡೋಣ. ಜನ ನಗ್ತಾರೆ.”

“ನಗಲಿ.”

“ಇಷ್ಟು ವರ್ಷದ ಹೆಸರು, ಗಂಡ ಮಾಡಿಕೊಟ್ಟಿದ್ದು ಅಂತಾರೆ.”

“ಜೋಡಿಸಿದ್ದು ಅವರು. ಬರೆದದ್ದು ನಾನು. ಅದನ್ನೇ ಹಾಕಿದೀನಿ. ಪೆನ್ನು ತೆಗಿ.”

ಅವನು ಪೆನ್ನು ತೆಗೆದ. ಶುಕ್ರವಾರ ಐದೂ ವಾಕ್ಯ, ನಕ್ಷತ್ರ ಎರಡೂ ಅಚ್ಚಾದವು. ಜನ ನಕ್ಕರು. ಇನ್ನೊಂದು ಪತ್ರಿಕೆಯವನು “ಹಿಂದುಮುಂದಿನ ಅಮ್ಮ” ಎಂದು ಹೆಸರಿಟ್ಟ. ಒಂದು ತಿಂಗಳು ಓಡಿ ಅದೂ ನಿಂತಿತು. ಕಂಪನಿಯವರ ಜಾಹೀರಾತು ನಕ್ಷತ್ರವಿಲ್ಲದೆ ಬಂತು. ‘ಬೆರಳ ಗುರುತು’ ಧಾರಾವಾಹಿಗೆ ಎರಡನೆಯ ಸರಣಿ ಆಗಲಿಲ್ಲ. ಕಚೇರಿಯಲ್ಲಿ ಹಳೆಯ ಹೆಸರೇ ಉಳಿಯಿತು. ಆಕೆ ಇನ್ನೂ ಮೂರು ವರ್ಷ ಅಂಕಣ ಬರೆದರು. ಲಕೋಟೆ ಬಂದರೆ ಮೊದಲು ಬುಡಕ್ಕೆ ಕೈಹಾಕಿ ಹಾಳೆ ತೆಗೆಯುತ್ತಿದ್ದರು, ನಂಬರು ಹಾಕುತ್ತಿದ್ದರು, ಕ್ರಮವಾಗಿ ನೋಡುತ್ತಿದ್ದರು. ಎರಡೂವರೆ ನಕ್ಷತ್ರ ದಾಟಿದ ಧಾರಾವಾಹಿ ಮತ್ತೆ ಬರಲಿಲ್ಲ. ಅಕ್ಕನ ಪಲ್ಯಕ್ಕೆ ತಂಗಿಯೇ ಉಪ್ಪು ಹಾಕುತ್ತ ಬಂದಳು.

ಒಂದು ಬುಧವಾರ ಬೆಳಿಗ್ಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಲ್ಲೇ ಆಕೆ ತೀರಿಕೊಂಡರು. ಆ ವಾರದ ಅಂಕಣವನ್ನು ಮಂಗಳವಾರವೇ ಕೊಟ್ಟಾಗಿತ್ತು, ಎರಡು ನಕ್ಷತ್ರ.

ಬಿಟ್ಟುಹೋದದ್ದು, ತಂಗಿ ಮನೆ ಖಾಲಿ ಮಾಡುವಾಗ ಬರೆದುಕೊಂಡಂತೆ: ಕನ್ನಡಕ ಎರಡು, ಒಂದರ ಕಾಲು ಮುರಿದದ್ದು. ಕೆಂಪು ಪೆನ್ನುಗಳು ಒಂದು ಡಬ್ಬಿ. ನಿಘಂಟು, ಮುನ್ನೂರ ಹನ್ನೆರಡನೆಯ ಪುಟ ಇಲ್ಲ. ಉಣ್ಣೆಯ ಶಾಲು. ಇಸ್ತ್ರಿ ಪೆಟ್ಟಿಗೆ, ಕೆಲಸ ಮಾಡುತ್ತದೆ. ಯಾವ ಬೀಗಕ್ಕೂ ಹೊಂದದ ಕೀಲಿಕೈಗಳು ಏಳು. ಭಾವನ ಅಂಗಡಿಯ ಬೋರ್ಡು, ಮಂಚದ ಕೆಳಗೆ, ಕಾಗದ ಸುತ್ತಿ. ಟೀವಿ ಒಂದು. ಪರದೆಗಳು ಎರಡು ಜೊತೆ. ಕಚೇರಿಯ ಗುರುತಿನ ಚೀಟಿ, ಹಿಂದಿರುಗಿಸಬೇಕು.